ಕಾರಿನ ಮುಂದಿನ ಗಾಲಿಯ ಬೇರಿಂಗ್ ಮನೆಯಲ್ಲೇ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಮ್ಮ ಓಣಿಯವರು, ಆಫೀಸಿನವರು, ಬೀಗರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ನಾನು ಮಿಸ್ತ್ರಿ ಅಲ್ಲ. ಹಳೇ ಗಾಡಿ ಇಟ್ಟುಕೊಂಡು ಭಾನುವಾರ ಕೈ ಕಪ್ಪು ಮಾಡಿಕೊಳ್ಳುವ ಚಟ ಇರುವವನು, ಅಷ್ಟೇ. ಬೇರಿಂಗ್ ಅಂದರೆ ಗಾಲಿ ಸಲೀಸಾಗಿ ಸುತ್ತಲು ನಡುವೆ ಕೂರುವ, ಒಳಗೆ ಉಕ್ಕಿನ ಗುಂಡುಗಳಿರುವ ಉಂಗುರ. ಈವರೆಗೆ ಅಂಥ ನಾಲ್ಕು ಹಾಕಿದ್ದೇನೆ. ಅದರಲ್ಲಿ ಒಂದನ್ನು ಕೈಯಾರೆ ಕೊಂದಿದ್ದೇನೆ. ಆ ಕಥೆ ಕೆಳಗೆ ಬರುತ್ತದೆ.

ಗಾಡಿ ಗುಂಯ್ ಅಂತಿದೆ. ಬೇರಿಂಗೇ ಹೋಗಿದೆ ಅಂತ ಹೇಗೆ ಹೇಳುವುದು?

ಮೊದಲು ಕಿವಿ ಕೊಡಿ, ಆಮೇಲೆ ಪಾನಾ ಹಿಡಿಯಿರಿ. ಬೇರಿಂಗ್ ಆವಾಜು ಗಾಡಿಯ ವೇಗದ ಜೊತೆ ಏರುತ್ತದೆ, ಎಂಜಿನ್ ಜೊತೆ ಅಲ್ಲ. 60ರಲ್ಲಿ ಹೋಗುವಾಗ ಒಂದು ಕ್ಷಣ ನ್ಯೂಟ್ರಲ್‌ಗೆ ಹಾಕಿ ನೋಡಿ. ಎಂಜಿನ್ ಇಳಿದರೂ ಗುಂಯ್ ಅನ್ನುವುದು ಹಾಗೇ ಇದ್ದರೆ ಅದು ಗಾಲಿಯ ಕಡೆಯದು. ಇದನ್ನು ಖಾಲಿ, ಸಮತಟ್ಟು ರಸ್ತೆಯಲ್ಲೇ ಮಾಡಿ, ಇಳಿಜಾರಿನಲ್ಲಿ ಬೇಡ.

ಟೈರಿನ ಆವಾಜೂ ಹೀಗೇ ಇರುತ್ತದೆ. ಬಹಳ ಜನ ಮೋಸ ಹೋಗುವುದು ಇಲ್ಲೇ. ಆದರೆ ಟೈರು ರಸ್ತೆ ನೋಡಿ ಮಾತು ಬದಲಿಸುತ್ತದೆ. ಸಿಮೆಂಟ್ ರಸ್ತೆಯ ಮೇಲೆ ಒಂದು ರಾಗ, ಹೊಸ ಡಾಂಬರಿನ ಮೇಲೆ ಇನ್ನೊಂದು. ಬೇರಿಂಗ್‌ಗೆ ಆ ಭೇದ ಇಲ್ಲ. ಎಲ್ಲಿ ಹೋದರೂ ಒಂದೇ ರಾಗ. ಅನುಮಾನ ಇದ್ದರೆ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಒಂದು ಸುತ್ತು ಹೋಗಿ ಬನ್ನಿ. ಆವಾಜು ಟೈರಿನ ಜೊತೆ ಹಿಂದಕ್ಕೆ ಹೋಯಿತಾ? ಹಾಗಾದರೆ ಬೇರಿಂಗ್ ಕೊಳ್ಳುವ ದುಡ್ಡು ಉಳಿಯಿತು.

ಇನ್ನು ತಿರುವಿನಲ್ಲಿ ಕಟಕಟ ಅಂದರೆ ಅದು ಡ್ರೈವ್ ಶಾಫ್ಟಿನ, ಅಂದರೆ ಎಂಜಿನ್ ಬಲವನ್ನು ಗಾಲಿಗೆ ಒಯ್ಯುವ ಸರಳಿನ ಜಾಯಿಂಟು. ಬೇರಿಂಗ್ ಕಟಕಟ ಅನ್ನುವುದು ತೀರಾ ಕೊನೆ ಹಂತದಲ್ಲಿ.

ಎಡಗಡೆಯದೋ ಬಲಗಡೆಯದೋ ಹೇಗೆ ಗೊತ್ತಾಗುತ್ತದೆ?

ಉದ್ದನೆಯ ತಿರುವಿನಲ್ಲಿ ಕೇಳಿ. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಗಾಲಿಯ ಮೇಲೆ ಬೀಳುತ್ತದೆ. ಆಗ ಆವಾಜು ಏರಿದರೆ ಎಡಗಡೆಯದು. ಎಡಕ್ಕೆ ತಿರುಗುವಾಗ ಏರಿದರೆ ಬಲಗಡೆಯದು. ನೂರಕ್ಕೆ ನೂರು ನಿಜ ಅಂತ ನಂಬಿಕೊಂಡು ಸಾಮಾನು ತರಬೇಡಿ, ಜಾಕ್ ಹಾಕಿ ಕೈಯಿಂದ ನೋಡಿಯೇ ತೀರ್ಮಾನ ಮಾಡಿ.

ಗಾಲಿ ಎತ್ತಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಇಳಿಸಿ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ. ಗಡಿಯಾರದಲ್ಲಿ 12 ಮತ್ತು 6 ಇರುವ ಜಾಗ. ತಳ್ಳಿ, ಎಳೆಯಿರಿ. ಕಟ್ ಕಟ್ ಅಂತ ಸಡಿಲ ಸಿಕ್ಕರೆ ಬೇರಿಂಗ್ ಅಥವಾ ಗಾಲಿಯ ಕಡೆಯನ್ನು ಸಸ್ಪೆನ್ಷನ್ನಿನ ಕೆಳಗಿನ ಆರ್ಮಿಗೆ ಕೂಡಿಸುವ ಬಾಲ್ ಜಾಯಿಂಟ್. ಯಾವುದು ಅಂತ ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ಬೇರಿಂಗ್. ಆಗಲೂ ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಿ. 9 ಮತ್ತು 3ರ ಜಾಗದಲ್ಲಿ ಮಾತ್ರ ಅಲ್ಲಾಡಿದರೆ ಸ್ಟೀರಿಂಗಿನ ಟೈ ರಾಡ್.

ಸಡಿಲ ಇಲ್ಲದೆಯೂ ಬೇರಿಂಗ್ ಹೋಗಿರಬಹುದು. ಹಾಗಾಗಿ ಇನ್ನೊಂದು ಪರೀಕ್ಷೆ. ಒಂದು ಕೈಯಿಂದ ಗಾಲಿ ತಿರುಗಿಸಿ, ಇನ್ನೊಂದು ಕೈಯ ಬೆರಳನ್ನು ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲೆ ಇಡಿ. ಚೆನ್ನಾಗಿರುವ ಬೇರಿಂಗ್ ಸುತ್ತುವಾಗ ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಹಾಳಾದದ್ದು ಬೀಸುವ ಕಲ್ಲಿನಲ್ಲಿ ಜೋಳದ ಜೊತೆ ಮರಳು ಸೇರಿದ ಹಾಗೆ ಗರಗರ ಅನ್ನುತ್ತದೆ. ಒಮ್ಮೆ ಬೆರಳಿಗೆ ಈ ಗರಗರ ಸಿಕ್ಕಿತು ಅಂದರೆ ಮತ್ತೆ ಮರೆಯುವುದಿಲ್ಲ. ನನಗಂತೂ ಇದಕ್ಕಿಂತ ನಂಬಿಕೆಯ ಪರೀಕ್ಷೆ ಇಲ್ಲ.

ಹೀಗೇ ಇನ್ನೆಷ್ಟು ದಿನ ಓಡಿಸಬಹುದು?

ಸಣ್ಣಗೆ ಗುಂಯ್ ಅಂತಿದ್ದರೆ ಸಾಮಾನು ತರಿಸಿಕೊಳ್ಳುವವರೆಗೆ ಊರೊಳಗೆ ನಿಧಾನ ಓಡಾಡಬಹುದು. ಕೈಗೆ ಸಡಿಲ ಸಿಕ್ಕ ಮೇಲೆ ಒಂದು ದಿನವೂ ಬೇಡ. ಒಂದು ಲೆಕ್ಕ ಹೇಳುತ್ತೇನೆ. ಸಣ್ಣ ಕಾರಿನ 13 ಇಂಚಿನ ಗಾಲಿ 80ರ ವೇಗದಲ್ಲಿ ನಿಮಿಷಕ್ಕೆ 700ಕ್ಕಿಂತ ಜಾಸ್ತಿ ಸುತ್ತುತ್ತದೆ. ಇಲ್ಲಿಂದ ಹೈದರಾಬಾದ್ ಮುಟ್ಟುವಷ್ಟರಲ್ಲಿ ಒಂದು ಲಕ್ಷ ಸುತ್ತು ದಾಟಿರುತ್ತದೆ. ಒಳಗೆ ಚಕ್ಕೆ ಎದ್ದ ಗುಂಡು ಲಕ್ಷ ಸುತ್ತು ಸುತ್ತಿದರೆ ಏನಾಗುತ್ತದೆ ಅಂತ ನೀವೇ ನೋಡಿ.

ನಮ್ಮ ಕಡೆ ಬೇರಿಂಗ್ ಯಾಕೆ ಇಷ್ಟು ಬೇಗ ಹೋಗುತ್ತವೆ?

ಗುಂಡಿ ಒಂದು ಕಾರಣ, ಅದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಗುಂಡಿ ಇಲ್ಲದ ರಸ್ತೆಯೂ ಅಲೆ ಅಲೆಯಾಗಿರುತ್ತದೆ. ಕೆಳಗಿರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಸೇಡಂ, ವಾಡಿ, ಚಿತ್ತಾಪುರದ ಕಡೆಯ ಸಿಮೆಂಟ್ ಲಾರಿಗಳ ಭಾರ ಬೇರೆ.

ಆದರೆ ಗುಂಡಿಗಿಂತ ನೀರು ಕೆಟ್ಟದ್ದು ಅಂತ ನನ್ನ ಅನುಭವ. ಓಡಿ ಓಡಿ ಬಿಸಿಯಾದ ಹಬ್ (ಬೇರಿಂಗಿನೊಳಗೆ ಕೂತು ಗಾಲಿಯನ್ನು ಹೊರುವ ನಡುವಿನ ತುಂಡು) ತಟ್ಟನೆ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಸೀಲು ಸ್ವಲ್ಪ ಸವೆದಿದ್ದರೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಗ್ರೀಸು ಕೆಡುತ್ತದೆ, ಜಂಗು ಹಿಡಿಯುತ್ತದೆ. ಆವಾಜು ಬರುವುದು ಎಷ್ಟೋ ವಾರಗಳ ಮೇಲೆ, ಆಗ ನೀರಿನ ನೆನಪೂ ಇರುವುದಿಲ್ಲ. ಜೋರು ಮಳೆಗಾಲದಲ್ಲಿ ಮಳಖೇಡದ ಹತ್ತಿರ ಕಾಗಿಣಾ ಹೊಳೆ ಸೇತುವೆ ಮೇಲೆ ಹರಿಯುವುದು ಸೇಡಂ ಕಡೆ ಓಡಾಡುವವರಿಗೆ ಗೊತ್ತೇ ಇದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಎಷ್ಟೋ ಗಾಡಿಗಳು ಗಾಲಿ ಮುಳುಗುವಷ್ಟು ನೀರಲ್ಲಿ ನಿಂತಿದ್ದವು. ಹಾಗೆ ಮುಳುಗಿದ ಗಾಡಿ ಕೊಳ್ಳುವವರು ನಾಲ್ಕೂ ಗಾಲಿ ಎತ್ತಿ ತಿರುಗಿಸಿ ನೋಡಿಯೇ ಕೊಳ್ಳಿ.

ಸರ್ವಿಸಿಂಗ್ ಹೊತ್ತಲ್ಲಿ ಪ್ರೆಷರ್ ಪಂಪಿನ ಮೂತಿಯನ್ನು ಹಬ್ಬಿನ ಹಿಂದೆ ಇಟ್ಟು ಹೊಡೆಯುವವರಿಗೂ ಬೇಡ ಅನ್ನಿ. ಚಂದ ಕಾಣಲಿ ಅಂತ ಹೊರಗೆ ಚಾಚುವ ಅಗಲ ಅಲಾಯ್, ಸ್ಪೇಸರ್ ಹಾಕಿಸಿದರೂ ಅದೇ ಗತಿ. ಭಾರ ಬೀಳುವ ಜಾಗ ಹೊರಗೆ ಸರಿಯುತ್ತದೆ, ಬೇರಿಂಗ್ ಒದ್ದಾಡುತ್ತದೆ.

ಟ್ರ್ಯಾಕ್ಟರ್‌ಗೆ ಗ್ರೀಸ್ ತುಂಬುತ್ತೇವಲ್ಲ, ಕಾರಿಗೂ ಹಾಗೇ ಮಾಡಿದರೆ ಆಗಲ್ವಾ?

ಈ ಪ್ರಶ್ನೆ ಹೊಲ ಇರುವವರದ್ದು, ಒಳ್ಳೆಯ ಪ್ರಶ್ನೆ. ಟ್ರ್ಯಾಕ್ಟರಿನ ಮುಂದಿನ ಗಾಲಿಯಲ್ಲಿ ಇರುವುದು ಟೇಪರ್ ರೋಲರ್ ಬೇರಿಂಗ್. ಟೋಪಿ ತೆಗೆಯಬಹುದು, ನಟ್ಟು ಬಿಗಿ ಮಾಡಿ ಸಡಿಲ ಸರಿಮಾಡಬಹುದು, ಡೀಸೆಲ್‌ನಲ್ಲಿ ತೊಳೆದು ಹೊಸ ಗ್ರೀಸ್ ತುಂಬಬಹುದು. ಈಗಿನ ಕಾರುಗಳ ಮುಂದಿನ ಗಾಲಿಯದು ಎರಡು ಸಾಲು ಗುಂಡುಗಳಿರುವ, ಎರಡೂ ಕಡೆ ಸೀಲು ಮುಚ್ಚಿದ ಬೇರಿಂಗ್. ಗ್ರೀಸ್ ಕಾರ್ಖಾನೆಯಲ್ಲೇ ಅಳೆದು ತುಂಬಿರುತ್ತಾರೆ. ಸೀಲು ಎಬ್ಬಿಸಿ ತುಂಬಿದರೆ ಹದಿನೈದು ದಿನ ಆವಾಜು ಅಡಗುತ್ತದೆ, ಅಷ್ಟೇ. ಚಕ್ಕೆ ಎದ್ದ ಉಕ್ಕು ಗ್ರೀಸಿನಿಂದ ಕೂಡಿಕೊಳ್ಳುವುದಿಲ್ಲ. ನಟ್ಟು ಇನ್ನಷ್ಟು ಬಿಗಿ ಮಾಡಿದರೂ ಸರಿಹೋಗುವುದಿಲ್ಲ.

ನನ್ನ ಗಾಡಿಯಲ್ಲಿ ಯಾವ ತರದ್ದಿದೆ?

ಎರಡು ತರ ನೆನಪಿಟ್ಟರೆ ಸಾಕು. ಒಂದು, ನಕಲ್ ಅನ್ನುವ ದಪ್ಪ ಎರಕದ ತುಂಡಿನೊಳಗೆ ಒತ್ತಿ ಕೂರಿಸುವ ಬೇರಿಂಗ್. ಸ್ವಿಫ್ಟ್, ಐ10 ತರದ ಸಣ್ಣ ಗಾಡಿಗಳಲ್ಲಿ ಇದು ಮಾಮೂಲು. ಎರಡು, ಹಬ್ ಸಮೇತ ಒಂದೇ ತುಂಡಾಗಿ ಬರುವ, ಮೂರು ನಾಲ್ಕು ಬೋಲ್ಟಿನಲ್ಲಿ ನಿಲ್ಲುವ ಬೇರಿಂಗ್. ಎರಡನೆಯದು ನಿಮ್ಮದಾಗಿದ್ದರೆ ನಿಮ್ಮ ಪುಣ್ಯ. ಬಿಚ್ಚಿ, ಹಾಕಿ, ಮುಗಿಯಿತು. ಒಂದೇ ಮಾಡೆಲ್ಲಿನಲ್ಲಿ ವರ್ಷ ಬದಲಾದರೆ ಬೇರಿಂಗೂ ಬದಲಾಗಿರಬಹುದು. ಹಾಗಾಗಿ ಅಂಗಡಿಗೆ ಹೋಗುವಾಗ ಗಾಡಿ ಹೆಸರಲ್ಲ, ಚಾಸಿ ನಂಬರ್ ಒಯ್ಯಿರಿ. ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ, ಇದೆಯೋ ಇಲ್ಲವೋ ಅದನ್ನೂ ಹೇಳಿ.

ಇನ್ನು ಮುಂದಿನ ಮಾತೆಲ್ಲ ಒತ್ತಿ ಕೂರಿಸುವ ತರದ್ದರ ಬಗ್ಗೆ.

ಪೂರ್ತಿ ಕೆಲಸ ಮನೆಯಲ್ಲೇ ಆಗುತ್ತದಾ?

ಮುಕ್ಕಾಲು ಭಾಗ ಆಗುತ್ತದೆ. ಬಿಚ್ಚುವುದು ಮನೆಯಲ್ಲಿ, ಜೋಡಿಸುವುದು ಮನೆಯಲ್ಲಿ. ನಡುವೆ ಬೇರಿಂಗ್ ತೆಗೆದು ಹೊಸದನ್ನು ಒತ್ತುವ ಅರ್ಧ ಗಂಟೆಯ ಕೆಲಸ ಮಾತ್ರ ಹೈಡ್ರಾಲಿಕ್ ಪ್ರೆಸ್ ಇರುವ ಕಡೆ. ನಕಲ್ಲನ್ನು ಚೀಲದಲ್ಲಿ ಹಾಕಿಕೊಂಡು ಲೇಥ್ ಅಂಗಡಿಗೋ ಪ್ರೆಸ್ ಇರುವ ಗ್ಯಾರೇಜಿಗೋ ಹೋಗಿ. ಕಲಬುರಗಿ ಅಂಥ ಊರಿನಲ್ಲಿ ಪ್ರೆಸ್ಸಿಗೆ ಬರ ಇಲ್ಲ, ಕಪನೂರು ಕೈಗಾರಿಕಾ ಪ್ರದೇಶದ ಕಡೆ ಒಮ್ಮೆ ವಿಚಾರಿಸಿ. ಅದಕ್ಕೂ ನಾಚಿಕೆ ಪಟ್ಟು ಎಲ್ಲಾ ನಾನೇ ಮಾಡುತ್ತೇನೆ ಅಂತ ಕೂತರೆ ನನ್ನ ಕಥೆ ಆಗುತ್ತದೆ.

ಏನದು ನಿಮ್ಮ ಕಥೆ? ಸುತ್ತಿಗೆಯಲ್ಲಿ ಬಡಿದರೆ ಕೂರುವುದಿಲ್ಲವಾ?

ಕೂರುತ್ತದೆ. ನನ್ನದೂ ಕೂತಿತ್ತು.

ಮೊದಲ ಸಲ ಮಾಡಿದಾಗ ಪ್ರೆಸ್ಸಿಗೆ ಯಾಕೆ ಹೋಗಬೇಕು ಅಂತ ಹಳೇ ಬೇರಿಂಗನ್ನು ಬಡಿದೇ ತೆಗೆದೆ. ಹೊಸದನ್ನೂ ಒಂದು ಕಬ್ಬಿಣದ ಪಟ್ಟಿ ಇಟ್ಟು ಬಡಿದು ಕೂರಿಸಿದೆ. ಹಬ್ಬನ್ನೂ ಮೇಲಿಂದ ಬಡಿದು ಒಳಗೆ ಇಳಿಸಿದೆ. ಓಣಿಯ ಹುಡುಗರೆಲ್ಲ ನಿಂತು ನೋಡಿದರು. ಗಾಡಿ ಬೆಣ್ಣೆಯ ಹಾಗೆ ಓಡಿತು. ಮೂರು ತಿಂಗಳಿಗೆ ಮತ್ತೆ ಅದೇ ಕಡೆ ಗುಂಯ್.

ಈ ಸಲ ಲೇಥಿನವರ ಹತ್ತಿರ ಹೋದೆ. ಅಲ್ಲಿದ್ದ ವಯಸ್ಸಾದ ಕಾಕಾ ಆ ಬೇರಿಂಗನ್ನು ಒಡೆದು, ಒಳಗಿನ ರಿಂಗನ್ನು ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದರು. ಗುಂಡು ಓಡುವ ಕನ್ನಡಿಯಂಥ ದಾರಿಯಲ್ಲಿ ಒಂದೇ ಅಂತರಕ್ಕೆ ಸಣ್ಣ ಸಣ್ಣ ತಗ್ಗು. ಸಾಸಿವೆ ಕಾಳು ಒತ್ತಿದ ಗುರುತಿನ ಹಾಗೆ. ಎಣಿಸಿದರೆ ಗುಂಡುಗಳಷ್ಟೇ ತಗ್ಗು. "ಇದು ರಸ್ತಾದಾಗ ಹೋಗಿಲ್ರಿ, ಹಾಕುವಾಗೇ ಹೋಗ್ಯದ" ಅಂದರು. ಅವರು ಬೈಯಲಿಲ್ಲ, ನಗಲೂ ಇಲ್ಲ. ಅದೇ ಜಾಸ್ತಿ ನಾಚಿಕೆ ಆಯಿತು.

ಆಗಿದ್ದು ಇಷ್ಟು. ಬೇರಿಂಗ್‌ಗೆ ಹೊರಗಿನ ರಿಂಗ್ ಒಂದು, ಒಳಗಿನ ರಿಂಗ್ ಒಂದು. ನಡುವೆ ಗುಂಡುಗಳು. ಹಬ್ಬನ್ನು ಒಳಗಿನ ರಿಂಗಿಗೆ ಇಳಿಸುವಾಗ ಕೆಳಗೆ ಆಧಾರ ಇದ್ದದ್ದು ನಕಲ್ಲಿಗೆ, ಅಂದರೆ ಹೊರಗಿನ ರಿಂಗಿಗೆ. ನನ್ನ ಪ್ರತಿ ಪೆಟ್ಟೂ ಗುಂಡುಗಳ ಮೂಲಕ ದಾಟಿ ಹೋಗಿದೆ. ಗುಂಡು ರಿಂಗಿಗೆ ತಾಗುವ ಜಾಗ ಸೂಜಿಮೊನೆಯಷ್ಟು. ಅಲ್ಲಿ ಪೆಟ್ಟು ಬಿದ್ದರೆ ಉಕ್ಕಾದರೂ ತಗ್ಗು ಬೀಳುತ್ತದೆ.

ಹಾಗಾದರೆ ಪ್ರೆಸ್ಸಿನಲ್ಲಿ ಒತ್ತಿದರೂ ಹಾಗೇ ಆಗಬಹುದಲ್ಲ?

ಆಗಬಹುದು! ಆಧಾರ ತಪ್ಪು ಕೊಟ್ಟರೆ ಪ್ರೆಸ್ಸೂ ಕೊಲ್ಲುತ್ತದೆ. ಹಾಗಾಗಿ ಪಕ್ಕದಲ್ಲಿ ನಿಂತು ಎರಡು ಮಾತು ನೋಡಿಕೊಳ್ಳಿ. ಬೇರಿಂಗನ್ನು ನಕಲ್ಲಿಗೆ ಒತ್ತುವಾಗ ಬಲ ಹೊರಗಿನ ರಿಂಗಿನ ಮೇಲೆ ಮಾತ್ರ ಬೀಳಬೇಕು. ಹಬ್ಬನ್ನು ಬೇರಿಂಗಿಗೆ ಒತ್ತುವಾಗ ಕೆಳಗಡೆಯಿಂದ ಒಳಗಿನ ರಿಂಗಿಗೆ ಬುಷ್ (ಅದೇ ಅಳತೆಯ ಉಕ್ಕಿನ ಬಳೆ) ಕೊಟ್ಟು ಆಧಾರ ಮಾಡಬೇಕು. ಯಾವ ರಿಂಗು ಬಿಗಿಯಾಗಿ ಕೂರುತ್ತಿದೆಯೋ ಬಲ ಆ ರಿಂಗಿನಿಂದಲೇ ಹೋಗಬೇಕು. ತಿಳಿದವರು ಹೇಳದೆಯೇ ಮಾಡುತ್ತಾರೆ. ಗಡಿಬಿಡಿಯಲ್ಲಿದ್ದರೆ ಮೆಲ್ಲಗೆ "ಒಳಗಿನ ರಿಂಗಿಗೆ ಸಪೋರ್ಟ್ ಕೊಡ್ರಿ" ಅನ್ನಿ. ಸಿಟ್ಟಾದರೆ ಚಹಾ ಹೇಳಿ.

ಮನೆಯಲ್ಲಿ ಯಾವ ಸಾಮಾನು ಇರಬೇಕು?

ಜಾಕು, ಎರಡು ಗಟ್ಟಿ ಜಾಕ್ ಸ್ಟ್ಯಾಂಡು. ಗಾಲಿಯ ನಡುವೆ, ಡ್ರೈವ್ ಶಾಫ್ಟಿನ ತುದಿಯಲ್ಲಿರುವ ದೊಡ್ಡ ನಟ್ಟಿನ ಅಳತೆಯ ಸಾಕೆಟ್ಟು, ಬಹಳ ಗಾಡಿಗಳಿಗೆ 30 ಅಥವಾ 32 ಎಂಎಂ ಹತ್ತುತ್ತದೆ. ಅದಕ್ಕೊಂದು ಉದ್ದನೆಯ ರಾಡು, ಮೇಲೆ ತೂರಿಸಲು ಒಂದು ಮೀಟರ್ ಜಿಐ ಪೈಪು. ಮಾಮೂಲು ಪಾನಾ ಸೆಟ್ಟು, ಸುತ್ತಿಗೆ, ಸಣ್ಣ ಉಳಿ, ಕಟ್ಟುವ ತಂತಿ, ಜಂಗು ಬಿಡಿಸುವ ಸ್ಪ್ರೇ, ಕಣ್ಣಿಗೆ ಕನ್ನಡಕ. ಬಿಗಿ ಎಷ್ಟಾಯಿತು ಅಂತ ಅಳೆದು ತೋರಿಸುವ ಪಾನಾ, ಅಂದರೆ ಟಾರ್ಕ್ ರೆಂಚ್, ಕೊಳ್ಳಲು ಆಗದಿದ್ದರೆ ಒಂದು ದಿನಕ್ಕೆ ಯಾರ ಹತ್ತಿರವಾದರೂ ಇಸಿದುಕೊಳ್ಳಿ, ಅದಿಲ್ಲದೆ ಬೇಡ.

ಅಂಗಳದಲ್ಲಿ ಮಾಡಬಹುದಾ?

ಅಂಗಳ ಯಾವುದು ಅಂತ ನೋಡಿ. ನಮ್ಮ ಮನೆಗಳ ಮುಂದೆ ಹಾಸಿರುವುದು ಶಹಾಬಾದ್ ಕಲ್ಲು. ಓಡಾಡಲು ಗಟ್ಟಿ. ಆದರೆ ಕೆಳಗೆ ಪೊಳ್ಳಿದ್ದು ಜಾಕಿನ ಸಣ್ಣ ಪಾದದ ಮೇಲೆ ಗಾಡಿಯ ಭಾರ ಕೂತರೆ ಬಿಸ್ಕಿಟ್ಟಿನ ಹಾಗೆ ಮುರಿಯುತ್ತದೆ. ನಮ್ಮ ಮನೆಯ ಮುಂದೆ ಒಂದು ಮುರಿದ ಕಲ್ಲು ಈಗಲೂ ಇದೆ, ಮನೆಯವರು ತಿಂಗಳಿಗೊಮ್ಮೆ ನೆನಪಿಸುತ್ತಾರೆ. ಜಾಕಿನ ಕೆಳಗೆ, ಸ್ಟ್ಯಾಂಡಿನ ಕೆಳಗೆ ಎರಡು ಇಂಚು ದಪ್ಪದ ಅಗಲ ಹಲಗೆ ಇಡಿ. ಎರೆಮಣ್ಣಿನ ಬಯಲಿನಲ್ಲಂತೂ ಬೇಡವೇ ಬೇಡ. ಮೇಲೆ ಒಣಗಿ ಕಂಡರೂ ಒಂದು ಕಡೆ ಒತ್ತಿಕೊಂಡು ವಾಲುತ್ತದೆ. ಹಿಂದಿನ ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ತೂರಿಸಬೇಡಿ.

ಬೇಸಿಗೆಯಲ್ಲಾದರೆ ಬೆಳಗ್ಗೆ 6ಕ್ಕೇ ಶುರು ಮಾಡಿ. ಏಪ್ರಿಲ್, ಮೇನಲ್ಲಿ 11 ದಾಟಿದ ಮೇಲೆ ಬಿಸಿಲಿಗೆ ಬಿದ್ದ ಪಾನಾ ಕೈಯಲ್ಲಿ ಹಿಡಿಯಲು ಆಗುವುದಿಲ್ಲ.

ನಡುವಿನ ನಟ್ಟು ಅಲ್ಲಾಡುತ್ತಲೇ ಇಲ್ಲ. ಏನು ಮಾಡಲಿ?

ಗಾಲಿ ಎತ್ತಿದ ಮೇಲೆ ಪ್ರಯತ್ನ ಮಾಡುತ್ತಿದ್ದೀರಿ, ಅಲ್ವಾ? ಗಾಡಿ ನೆಲದ ಮೇಲಿರುವಾಗಲೇ ಅದನ್ನು ಸಡಿಲ ಮಾಡಬೇಕು. ನಟ್ಟಿನ ಅಂಚನ್ನು ಶಾಫ್ಟಿನ ತೋಡಿನೊಳಗೆ ಮಡಚಿ ಲಾಕ್ ಮಾಡಿರುತ್ತಾರೆ. ಸಣ್ಣ ಉಳಿಯಿಂದ ಆ ಮಡಿಕೆಯನ್ನು ಪೂರ್ತಿ ಎತ್ತಿ, ಇಲ್ಲದಿದ್ದರೆ ಶಾಫ್ಟಿನ ಎಳೆ ಹಾಳಾಗುತ್ತದೆ. ಕೆಲವು ಗಾಡಿಗಳಲ್ಲಿ ಮಡಿಕೆಯ ಬದಲು ಕಾಟರ್ ಪಿನ್ ಇರುತ್ತದೆ. ಸ್ಪ್ರೇ ಹೊಡೆದು ಹದಿನೈದು ನಿಮಿಷ ಬಿಡಿ. ಒಬ್ಬರು ಒಳಗೆ ಕೂತು ಬ್ರೇಕ್ ಗಟ್ಟಿ ಒತ್ತಲಿ. ರಾಡಿಗೆ ಪೈಪು ತೂರಿಸಿ ಮೆಲ್ಲಗೆ, ಸಮನಾಗಿ ಭಾರ ಹಾಕಿ. ಜಿಗಿಯಬೇಡಿ. ಟಕ್ ಅಂತ ಬಿಟ್ಟಾಗ ಮುಗ್ಗರಿಸಿ ಬೀಳದ ಹಾಗೆ ನಿಂತಿರಿ.

ಬಿಟ್ಟ ತಕ್ಷಣ ನಿಲ್ಲಿಸಿ. ನಟ್ಟು ಸಡಿಲವಾದ ಗಾಡಿಯನ್ನು ಒಂದು ಅಡಿಯೂ ಉರುಳಿಸಬೇಡಿ. ಬೇರಿಂಗಿನ ಒಳಗಿನ ರಿಂಗುಗಳನ್ನು ಒತ್ತಿ ಹಿಡಿದಿರುವುದೇ ಆ ನಟ್ಟು. ಅದಿಲ್ಲದೆ ಭಾರ ಬಿದ್ದರೆ ಚೆನ್ನಾಗಿರುವ ಬೇರಿಂಗೂ ಕೆಡುತ್ತದೆ.

ಬಿಚ್ಚುವ ಕ್ರಮ ಏನು?

ಗಾಲಿ ತೆಗೆಯಿರಿ. ಡಿಸ್ಕನ್ನು ಹಿಡಿದು ನಿಲ್ಲಿಸುವ ಬ್ರೇಕ್ ಕ್ಯಾಲಿಪರ್‌ನ ಹಿಂದಿನ ಎರಡು ಬೋಲ್ಟು ಬಿಚ್ಚಿ, ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ತೂಗುಬಿಡಿ. ಬ್ರೇಕಿನ ರಬ್ಬರ್ ಪೈಪಿನಿಂದ ಅದು ನೇತಾಡಬಾರದು. ಡಿಸ್ಕ್ ತೆಗೆಯಿರಿ. ಎಬಿಎಸ್ ಸೆನ್ಸರ್ ಇದ್ದರೆ ಮೊದಲೇ ಬಿಡಿಸಿ ಪಕ್ಕಕ್ಕೆ ಸರಿಸಿ, ಜಂಗು ಹಿಡಿದು ಕೂತಿದ್ದರೆ ಸ್ಪ್ರೇ ಹೊಡೆದು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ತೆಗೆಯಿರಿ. ಇಕ್ಕಳ ಹಾಕಿ ಎಳೆದರೆ ತುಂಡಾಗುವುದು ಗ್ಯಾರಂಟಿ.

ಆಮೇಲೆ ಟೈ ರಾಡಿನ ತುದಿ. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಎಳೆ ಉಳಿಸಿ, ಅದು ಕೂತಿರುವ ನಕಲ್ಲಿನ ಕಣ್ಣಿಗೆ ಪಕ್ಕದಿಂದ ಸುತ್ತಿಗೆಯಲ್ಲಿ ಎರಡು ಪೆಟ್ಟು ಕೊಡಿ. ಟಪ್ ಅಂತ ಬಿಡುತ್ತದೆ. ಬೋಲ್ಟಿನ ತುದಿಗೆ ಹೊಡೆಯಬೇಡಿ. ಕೆಳಗಿನ ಬಾಲ್ ಜಾಯಿಂಟಿನ ಬೋಲ್ಟು ತೆಗೆದು ಆರ್ಮನ್ನು ಕೆಳಗೆ ಒತ್ತಿ ಬಿಡಿಸಿ.

ಈಗ ಡ್ರೈವ್ ಶಾಫ್ಟನ್ನು ಹಬ್ಬಿನಿಂದ ಒಳಗೆ ತಳ್ಳಬೇಕು. ಹಳೇ ನಟ್ಟನ್ನು ಶಾಫ್ಟಿನ ತುದಿಗೆ ಸಮನಾಗಿ ಹಾಕಿ, ಮೇಲೊಂದು ಕಟ್ಟಿಗೆ ತುಂಡು ಇಟ್ಟು ತಟ್ಟಿ. ಎಳೆ ಉಳಿಯುತ್ತದೆ. ಶಾಫ್ಟನ್ನು ಹೊರಕ್ಕೆ ಎಳೆಯಬೇಡಿ, ಗೇರ್ ಬಾಕ್ಸ್ ಕಡೆಯ ಜಾಯಿಂಟು ಕಳಚಿಕೊಂಡರೆ ಭಾನುವಾರ ಅಲ್ಲಿಗೆ ಮುಗಿಯಿತು. ಅದನ್ನೂ ತಂತಿಯಲ್ಲಿ ಕಟ್ಟಿ. ಕೊನೆಗೆ ಸ್ಟ್ರಟ್ಟಿನ, ಅಂದರೆ ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರಿನ, ಎರಡು ಬೋಲ್ಟು. ಬಿಚ್ಚುವ ಮುಂಚೆ ಸ್ಟ್ರಟ್ ಮತ್ತು ನಕಲ್ ಸೇರುವ ಜಾಗದಲ್ಲಿ ಬಣ್ಣದಿಂದ ಗೆರೆ ಎಳೆದಿಡಿ. ವಾಪಸ್ ಜೋಡಿಸುವಾಗ ಗೆರೆಗೆ ಗೆರೆ ಕೂಡಿಸಿ. ಇಡೀ ಬಿಚ್ಚುವಿಕೆಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಾ ಹೋಗಿ.

ಪ್ರೆಸ್ಸಿನಲ್ಲಿ ಇನ್ನೇನು ನೋಡಬೇಕು?

ಹಬ್ ಒತ್ತಿ ತೆಗೆದಾಗ ಒಳಗಿನ ರಿಂಗು ಹಬ್ಬಿಗೇ ಅಂಟಿಕೊಂಡು ಬರುತ್ತದೆ. ಗಾಬರಿ ಬೇಡ, ಹೆಚ್ಚು ಸಲ ಹಾಗೇ ಆಗುವುದು. ಪುಲ್ಲರ್ ಹಾಕಿ ಎಳೆಯುತ್ತಾರೆ, ಇಲ್ಲವೇ ಗ್ರೈಂಡರಿನಿಂದ ಅರೆಬರೆ ಕೊಯ್ದು ಉಳಿಯ ಒಂದು ಪೆಟ್ಟಿಗೆ ಸೀಳುತ್ತಾರೆ. ಆ ಉಕ್ಕು ಬಹಳ ಗಡಸು, ಚೂರು ಸಿಡಿಯುತ್ತದೆ. ದೂರ ನಿಲ್ಲಿ, ಕನ್ನಡಕ ಹಾಕಿ. ಗ್ರೈಂಡರ್ ಹಬ್ಬಿನ ಮೈಗೆ ತಾಗಬಾರದು. ಹಬ್ಬಿನ ಮೈ ನೀಲಿಯಾಗಿದ್ದರೆ, ಗೀರು ಬಿದ್ದಿದ್ದರೆ ಹಬ್ಬೂ ಹೊಸದೇ ತನ್ನಿ. ಹೊಸ ಬೇರಿಂಗು ಸವೆದ ಹಬ್ಬಿನ ಮೇಲೆ ನಿಲ್ಲುವುದಿಲ್ಲ.

ನಕಲ್ಲಿನ ಒಳಗಡೆ ಸರ್ಕ್ಲಿಪ್, ಅಂದರೆ ಬೇರಿಂಗ್ ಜಾರದ ಹಾಗೆ ಹಿಡಿಯುವ ಸ್ಪ್ರಿಂಗಿನಂಥ ಉಂಗುರ, ಇರುತ್ತದೆ. ಅದನ್ನು ತೆಗೆಯದೆ ಪ್ರೆಸ್ ಒತ್ತಿದರೆ ನಕಲ್ಲೇ ಬಿರಿಯಬಹುದು. ಹೊಸದು ಕೂತ ಮೇಲೆ ಸರ್ಕ್ಲಿಪ್ ತನ್ನ ತೋಡಿನೊಳಗೆ ಪೂರ್ತಿ ಬಿಚ್ಚಿಕೊಂಡು ಕೂತಿದೆಯಾ ಅಂತ ಬೆರಳಾಡಿಸಿ ನೋಡಿ.

ಎಬಿಎಸ್ ಗಾಡಿಗೆ ಬೇರೆ ಬೇರಿಂಗ್ ಅಂತಾರೆ, ನಿಜವಾ?

ನಿಜ. ಬಹಳ ಗಾಡಿಗಳಲ್ಲಿ ಬೇರಿಂಗಿನ ಒಂದು ಕಡೆಯ ಸೀಲಿನಲ್ಲೇ ಆಯಸ್ಕಾಂತದ ಪಟ್ಟಿ ಇರುತ್ತದೆ. ಸೆನ್ಸರ್ ಓದುವುದು ಅದನ್ನೇ. ಆ ಕಡೆ ಸೆನ್ಸರಿನ ಕಡೆಗೇ ಬರಬೇಕು. ತಿರುಗುಮುರುಗು ಹಾಕಿದರೆ ಗಾಡಿ ಓಡುತ್ತದೆ, ಎಬಿಎಸ್ ದೀಪ ಆರುವುದಿಲ್ಲ. ಕಣ್ಣಿಗೆ ಎರಡೂ ಕಡೆ ಒಂದೇ ತರ ಕಾಣುತ್ತದೆ. ಸಣ್ಣ ಪೇಪರ್ ಕ್ಲಿಪ್ ಹಿಡಿದರೆ ಆಯಸ್ಕಾಂತದ ಕಡೆ ಮೆಲ್ಲಗೆ ಅಂಟುತ್ತದೆ. ಗೊತ್ತಾದ ತಕ್ಷಣ ಮಾರ್ಕರ್ ಪೆನ್ನಿಂದ ಗುರುತು ಮಾಡಿ ಪ್ರೆಸ್ಸಿನವರಿಗೆ ತೋರಿಸಿ. ಕಬ್ಬಿಣದ ಪುಡಿ ಬಿದ್ದ ಬೆಂಚಿನ ಮೇಲೆ ಆ ಬೇರಿಂಗ್ ಇಡಬೇಡಿ.

ನಟ್ಟು ಎಷ್ಟು ಬಿಗಿ ಮಾಡಬೇಕು?

ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುವಷ್ಟು. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 200 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. 200 ಅಂದರೆ ಎಷ್ಟು? ಅರ್ಧ ಮೀಟರ್ ಉದ್ದದ ರಾಡಿನ ತುದಿಗೆ 40 ಕಿಲೋ ತೂಕ ತೂಗುಹಾಕಿದಷ್ಟು. ಅಂದಾಜಿಗೆ ಹೇಳಿದೆ, ಜೋಳದ ಚೀಲ ಕಟ್ಟಿ ಬಿಗಿ ಮಾಡಿ ಅಂತಲ್ಲ. ಕಡಿಮೆಯಾದರೆ ರಿಂಗುಗಳು ಸರಿಯುತ್ತವೆ, ಜಾಸ್ತಿಯಾದರೆ ಗುಂಡುಗಳು ಒತ್ತಿಹೋಗುತ್ತವೆ. ನಟ್ಟು ಹೊಸದೇ ಹಾಕಿ. ಮಡಚುವ ತರದ್ದಾದರೆ ಅಂಚನ್ನು ಶಾಫ್ಟಿನ ತೋಡಿನೊಳಗೆ ಮಡಚಿ. ಕೊನೆಯ ಬಿಗಿಯನ್ನು ಬ್ರೇಕ್ ಒತ್ತಿಸಿಕೊಂಡು, ಗಾಡಿಯ ಭಾರ ಗಾಲಿಯ ಮೇಲೆ ಬೀಳುವ ಮುಂಚೆಯೇ ಮಾಡಿದರೆ ಒಳ್ಳೆಯದು.

ಎಲ್ಲಾ ಜೋಡಿಸಿ ಎಂಜಿನ್ ಚಾಲೂ ಮಾಡಿದ ಮೇಲೆ ಗೇರ್ ಹಾಕುವ ಮುಂಚೆ ಬ್ರೇಕ್ ಪೆಡಲ್ಲನ್ನು ನಾಲ್ಕೈದು ಸಲ ಒತ್ತಿ. ಕ್ಯಾಲಿಪರ್ ತೆಗೆದಾಗ ಪ್ಯಾಡು ಹಿಂದೆ ಸರಿದಿರುತ್ತದೆ. ಮೊದಲ ಸಲ ಪೆಡಲ್ಲು ನೇರ ಕೆಳಗೆ ಹೋಗುತ್ತದೆ. ಗೇಟು ಮುಂದೆಯೇ ಇರುತ್ತದೆ, ನೆನಪಿಡಿ.

ಒಂದೇ ಕಡೆ ಹೋದರೆ ಎರಡೂ ಕಡೆ ಹಾಕಬೇಕಾ?

ಬೇಡ. ಬ್ರೇಕ್ ಪ್ಯಾಡಿನ ಹಾಗೆ ಇದಕ್ಕೆ ಜೋಡಿ ಲೆಕ್ಕ ಇಲ್ಲ. ಹೋದದ್ದನ್ನು ಹಾಕಿ.

ಯಾವ ಕಂಪನಿಯದ್ದು ಕೊಳ್ಳಲಿ?

ಎಸ್‌ಕೆಎಫ್, ಎಫ್‌ಎಜಿ, ಎನ್‌ಎಸ್‌ಕೆ, ಎನ್‌ಟಿಎನ್, ಜೈಪುರದ ಎನ್‌ಬಿಸಿ, ಯಾವುದಾದರೂ ಸರಿ. ಅಸಲಿಯಾಗಿದ್ದರೆ ಸಾಕು. ಕಷ್ಟ ಇರುವುದು ಅಲ್ಲೇ. ಡಬ್ಬಿಯ ಮೇಲಿನ ಅಕ್ಷರ ಮಸುಕಾಗಿದ್ದರೆ, ರಿಂಗಿನ ಮೇಲೆ ಕೆತ್ತಿದ ನಂಬರಿಗೂ ಡಬ್ಬಿಯ ನಂಬರಿಗೂ ತಾಳೆ ಆಗದಿದ್ದರೆ, ಬೆಲೆ ಅರ್ಧಕ್ಕೆ ಅರ್ಧ ಕಡಿಮೆ ಇದ್ದರೆ ವಾಪಸ್ ಕೊಡಿ. ಕೆಲವು ಕಂಪನಿಗಳು ಡಬ್ಬಿಯ ಮೇಲಿನ ಕೋಡ್ ಪರೀಕ್ಷೆ ಮಾಡುವ ಆಪ್ ಕೊಟ್ಟಿವೆ, ಅಂಗಡಿಯಲ್ಲೇ ನಿಂತು ನೋಡಿ. ಬಿಲ್ಲು ತೆಗೆದುಕೊಳ್ಳಿ. ಪ್ಲಾಸ್ಟಿಕ್ ಹೊದಿಕೆಯನ್ನು ಪ್ರೆಸ್ಸಿನ ಮುಂದೆಯೇ ಹರಿಯಿರಿ, ನಮ್ಮ ಊರಿನ ಧೂಳು ಗೊತ್ತಲ್ಲ.

ಖರ್ಚು, ಸಮಯ ಎಷ್ಟು?

ನನ್ನ ಸಣ್ಣ ಗಾಡಿಗೆ ಕಳೆದ ಸಲ ಬೇರಿಂಗ್, ಸರ್ಕ್ಲಿಪ್, ನಟ್ಟು ಎಲ್ಲಾ ಸೇರಿ 2,000 ರೂಪಾಯಿಯ ಒಳಗೆ ಆಯಿತು. ಪ್ರೆಸ್ಸಿನವರು 300 ತೆಗೆದುಕೊಂಡರು. ಮೊದಲ ಸಲ ಇಡೀ ದಿನ ಹಿಡಿಯಿತು. ಈಗ ಮೂರು ಗಂಟೆ, ಚಹಾ ಬಿಟ್ಟು. ಲೇಥ್ ಅಂಗಡಿ ಭಾನುವಾರ ತೆಗೆದಿರುತ್ತದಾ ಅಂತ ಶನಿವಾರವೇ ಕೇಳಿಕೊಳ್ಳಿ. ನಾನು ಕೇಳದೆ ಬಿಚ್ಚಿ ಸೋಮವಾರ ಆಟೋದಲ್ಲಿ ಆಫೀಸಿಗೆ ಹೋಗಿದ್ದೇನೆ.

ಅಲೈನ್‌ಮೆಂಟ್ ಮಾಡಿಸಬೇಕಾ?

ಸ್ಟ್ರಟ್ಟಿನ ಬೋಲ್ಟು ಬಿಚ್ಚಿದ್ದರೆ ಮಾಡಿಸಿ. ಟೈರಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಹೊಸದು ಹಾಕಿದೆ, ಆವಾಜು ಹಾಗೇ ಇದೆ!

ಮೊದಲ ಅನುಮಾನ ಟೈರು. ಎರಡನೆಯದು, ಬಲಗಡೆಯದು ಹೋಗಿದ್ದಾಗ ಎಡಗಡೆ ಬದಲಿಸಿದಿರಾ? ಆವಾಜು ಗಾಡಿಯ ಮೈಯಲ್ಲಿ ಹರಿದು ಎಲ್ಲಿಂದಲೋ ಬಂದ ಹಾಗೆ ಕೇಳುತ್ತದೆ. ಹಿಂದಿನ ಗಾಲಿಯದೂ ಮುಂದೆ ಕೇಳಬಹುದು. ಡಿಸ್ಕಿನ ಹಿಂದಿನ ತಗಡು ಬಾಗಿ ಉಜ್ಜುತ್ತಿದೆಯಾ ನೋಡಿ, ಅದು ಸುರ್ರ್ ಅನ್ನುತ್ತದೆ, ಕೈಯಲ್ಲೇ ಬಗ್ಗಿಸಿದರೆ ಹೋಗುತ್ತದೆ. ಇದ್ಯಾವುದೂ ಅಲ್ಲದೆ ಎರಡು ಮೂರು ತಿಂಗಳಿಗೆ ಮತ್ತೆ ಗುಂಯ್ ಶುರುವಾದರೆ ಒತ್ತುವಾಗ ಆಧಾರ ತಪ್ಪಿದೆ.

ಪರೀಕ್ಷೆಗೆ ನಾನು ಜೇವರ್ಗಿ ಕಡೆಯ ಹೆದ್ದಾರಿ ಹಿಡಿಯುತ್ತೇನೆ. ಬೆಳಗ್ಗೆ ಹೊತ್ತು, ಕಿಟಕಿ ಇಳಿಸಿ, ರೇಡಿಯೋ ಬಂದ್ ಮಾಡಿ. ಫರಹತಾಬಾದ್ ದಾಟಿ ಕಟ್ಟಿಸಂಗಾವಿಯ ಭೀಮಾ ಸೇತುವೆಯ ಹತ್ತಿರ ನಿಲ್ಲಿಸಿ ಎರಡೂ ಮುಂದಿನ ಗಾಲಿಯ ನಡುಭಾಗದ ಹತ್ತಿರ ಅಂಗೈ ಹಿಡಿಯುತ್ತೇನೆ, ಮುಟ್ಟುವುದಿಲ್ಲ. ಎರಡರ ಬಿಸಿಯೂ ಒಂದೇ ತರ ಇದ್ದರೆ ನಿಶ್ಚಿಂತೆ. ಒಂದು ಜಾಸ್ತಿ ಕಾದಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದುಕೊಂಡಿದೆ ಅಂತ ಅರ್ಥ. ಗಾಲಿಯ ನಟ್ಟುಗಳನ್ನೂ ಅಲ್ಲೇ ಒಮ್ಮೆ ಬಿಗಿ ನೋಡಿಕೊಳ್ಳಿ.

ಹಳೇ ಬೇರಿಂಗ್ ಗುಜರಿಗೆ ಹಾಕಲಾ?

ಹೊರಗಿನ ರಿಂಗನ್ನು ಇಟ್ಟುಕೊಳ್ಳಿ. ಅದರ ಹೊರಮೈಯನ್ನು ಗ್ರೈಂಡರಿನಿಂದ ಕೂದಲೆಳೆಯಷ್ಟು ಸವೆಸಿದರೆ ಮುಂದಿನ ಸಲ ಹೊಸ ಬೇರಿಂಗ್ ಒತ್ತಲು ಸರಿಯಾದ ಅಳತೆಯ ಬುಷ್ ಅದೇ. ನನ್ನದನ್ನು ಲೇಥಿನ ಕಾಕಾನೇ ಮಾಡಿಕೊಟ್ಟರು. ಗುಂಡುಗಳನ್ನು ಓಣಿಯ ಹುಡುಗರು ಒಯ್ದರು.